ಫರಸಿ ಹಾಸಿದ ಜೀಪು

ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಮನೆಯ ನೆಲಕ್ಕೆ ಶಹಾಬಾದ ಫರಸಿ ಎಂಬ ಚಪ್ಪಡಿಕಲ್ಲು, ಮಾಳಿಗೆಗೆ ಫರಸಿ, ಅಡುಗೆಮನೆಯ ಕಟ್ಟೆಗೆ, ಗೋಡೆಯ ಗೂಡಿಗೆ, ದನದ ಕೊಟ್ಟಿಗೆಗೆ, ಕೊನೆಗೆ ಗೋರಿಗೂ ಅದೇ ಫರಸಿ. ಹೀಗಿರುವಾಗ ಶಹಾಬಾದಿನ ಕಲ್ಲುಗಣಿ ಮಾಲೀಕರೊಬ್ಬರು ತಮ್ಮ ಹಳೇ ಮಿಲಿಟರಿ ಜೀಪಿನ ತಗಡಿನ ತಳ ತುಕ್ಕು ಹಿಡಿದು ಉದುರಿದಾಗ, ಅಲ್ಲಿಗೂ ಎರಡು ಫರಸಿ ಹಾಸಿ ಸಂದಿಗೆ ಸಿಮೆಂಟ್ ಮೆತ್ತಿದರು ಎಂದರೆ ಇಲ್ಲಿಯವರು ಯಾರೂ ನಗುವುದಿಲ್ಲ. ನಾನೂ ನಗಲಿಲ್ಲ. ನಕ್ಕವರು ನಮ್ಮ ಮನೆಯವರು. ಅವರು ನಕ್ಕ ದಿನದಿಂದಲೇ ನನ್ನ ಗ್ರಹಚಾರ ಶುರುವಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಸೇಡಂನಲ್ಲಿದ್ದೆವು. ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯಲ್ಲಿ ಕಾರಕೂನರು. ಯಾವಾಗಲೂ ಎರಡನೇ ಪಾಳಿ, ಮಧ್ಯಾಹ್ನ ಹೋದರೆ ರಾತ್ರಿ ಬರುವುದು. ನನಗೆ ಆಗಷ್ಟೇ ಸರ್ಕಾರಿ ಶಾಲೆಯ ನೌಕರಿ ಸಿಕ್ಕಿತ್ತು. ಶಾಲೆ ಇದ್ದದ್ದು ಚಿಂಚೋಳಿ ದಾಟಿ ಗುಡ್ಡದ ಮೇಲಿನ ಒಂದು ಲಂಬಾಣಿ ತಾಂಡಾದಲ್ಲಿ. ಒಂದೇ ಕೋಣೆ, ಒಬ್ಬಳೇ ಶಿಕ್ಷಕಿ. ಗಂಟೆ ಬಾರಿಸುವವಳೂ ನಾನೇ, ಕಸ ಹೊಡೆಸುವವಳೂ ನಾನೇ, ನಾಲ್ಕು ಇಯತ್ತೆಗಳಿಗೆ ಪಾಠ ಮಾಡುವವಳೂ ನಾನೇ. ಬಾಡಿಗೆಗೆ ಅಲ್ಲಿ ಮನೆ ಇರಲಿಲ್ಲ. ಇದ್ದರೂ ನಾನು ಇರುವಂತಿರಲಿಲ್ಲ, ಮನೆಯಲ್ಲಿ ಎದೆ ಬಿಡದ ಕೂಸು. ದಿನಾ ಸೇಡಂನಿಂದ ಬಸ್ಸಿನಲ್ಲಿ ಚಿಂಚೋಳಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಡ್ಡಕ್ಕೆ. ಬೇಸಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆ ಬಿತ್ತೆಂದರೆ ಆ ಎರಡನೇ ಬಸ್ಸು ಹಳ್ಳದ ಈಚೆಗೇ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಎರೆಮಣ್ಣಿನ ಏರು. ನಮ್ಮ ಎರೆಯಲ್ಲಿ ಮಳೆಗಾಲ ನಡೆದವರಿಗೇ ಗೊತ್ತು, ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಸೇರು ಮಣ್ಣು. ಶಾಲೆ ಮುಟ್ಟುವ ಹೊತ್ತಿಗೆ ಅರ್ಧ ಮಕ್ಕಳು ಮನೆಗೆ ಹೋಗಿರುತ್ತಿದ್ದವು.

ನಮ್ಮ ಅತ್ತೆ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದರು, ನೌಕರಿ ಬಿಡು ಎಂದು. ಮಡಿ, ಪೂಜೆ, ಕೂಸು, ಅಡಿಗೆ ಇಷ್ಟೆಲ್ಲ ಬಿಟ್ಟು ಗುಡ್ಡ ಹತ್ತುವುದು ಯಾವ ಕರ್ಮ ಎನ್ನುವುದು ಅವರ ವಾದ. ನನಗೆ ಮೈ ಉರಿಯುತ್ತಿತ್ತು. ಆ ನೌಕರಿ ನನ್ನದು. ತವರಿನಿಂದ ಬಂದದ್ದಲ್ಲ, ಗಂಡನಿಂದ ಬಂದದ್ದಲ್ಲ. ಓದಿ, ಪರೀಕ್ಷೆ ಬರೆದು, ನಾನೇ ಗಳಿಸಿದ್ದು. ಅದನ್ನು ಕೆಸರಿಗಾಗಿ ಬಿಡುವುದೆಂದರೆ ನನ್ನನ್ನೇ ಬಿಟ್ಟುಕೊಟ್ಟಂತೆ ಆಗುತ್ತಿತ್ತು. ನಮ್ಮ ಮನೆಯವರು ಆಗ ನನ್ನ ಕಡೆ ನಿಂತರು. ನಿಂತರು ಎಂದೇ ಹೇಳುತ್ತೇನೆ, ಸುಳ್ಳು ಹೇಳಬಾರದು. ಒಂದು ಜೀಪು ತರುತ್ತೇನೆ, ಬೆಳಗ್ಗೆ ನಿನ್ನ ಶಾಲೆಗೆ ಬಿಟ್ಟು ಬಂದು ಮಧ್ಯಾಹ್ನ ಪಾಳಿಗೆ ಹೋಗುತ್ತೇನೆ ಎಂದರು.

ಹೀಗೆ ಒಂದು ಮಳೆಗಾಲದ ಕೊನೆಗೆ ಶಹಾಬಾದಿಗೆ ಹೋದೆವು. ಗಣಿ ಮಾಲೀಕರು ಹಣೆತುಂಬ ವಿಭೂತಿ ಹಚ್ಚಿದ ಗಟ್ಟಿ ಆಸಾಮಿ. ಕುಂದ್ರಿ ಕುಂದ್ರಿ ಎಂದು ಕಲ್ಲಿನ ಬೆಂಚಿನ ಮೇಲೆ ಕೂರಿಸಿ ಚಹಾ ಕುಡಿಸಿದರು. ಅವರ ತಂದೆ ಎಂದೋ ಸಿಕಂದರಾಬಾದಿನ ಹರಾಜಿನಲ್ಲಿ ಆ ಜೀಪು ಕೂಗಿ ತಂದಿದ್ದರಂತೆ. ನೋಡಿದರೆ ಎತ್ತಿನ ಕೊಂಬಿಗೆ ಬಳಿಯುವಂಥ ನೀಲಿ ಬಣ್ಣ. ಮುಂದಿನ ಮಡ್‌ಗಾರ್ಡಿನ ತೂತಿಗೆ ಸಿಮೆಂಟು. ಬಾಗಿಲೇ ಇಲ್ಲ. ಒಳಗೆ ಯಾವುದೋ ನೀರೆತ್ತುವ ಡೀಸೆಲ್ ಎಂಜಿನ್ನು. ತಳದಲ್ಲಿ ಆ ಎರಡು ಫರಸಿ, ಅಳತೆಗೆ ಕಡಿದು ಕೂರಿಸಿದ್ದು. ನಮ್ಮ ಮನೆಯವರು ನಕ್ಕಾಗ ಮಾಲೀಕರಿಗೆ ಸ್ವಲ್ಪ ಚುರುಕ್ ಎಂದಿರಬೇಕು.

"ನಗಬ್ಯಾಡ್ರಿ ಸಾಹೇಬ್ರ, ನಿಮ್ಮ ಮನಿ ಫರಸಿಕಿಂತ ಇದು ಗಟ್ಟಿ ಅದ," ಎಂದರು. "ಮನಿ ಬಿದ್ದೀತು, ಇದು ಅಲ್ಲಾಡಂಗಿಲ್ಲ."

ಭಂಕೂರ, ಚಿತ್ತಾಪುರ, ಮಳಖೇಡ ದಾಟಿ ಜೀಪು ಢಗ ಢಗ ಎನ್ನುತ್ತ ಸೇಡಂಗೆ ಬಂತು. ಆ ರಾತ್ರಿಯಿಡೀ ಮಳೆ. ಮರುದಿನ ಬೆಳಗ್ಗೆ ನಮ್ಮ ಮನೆಯವರು ನನ್ನನ್ನು ಶಾಲೆಗೆ ಕರೆದೊಯ್ದರು. ಹಳ್ಳದ ಆಚೆಯ ಏರಿಗೆ ಬಂದಾಗ ನಾನು ರಾಯರನ್ನು ನೆನೆದು ಕಣ್ಣು ಮುಚ್ಚಿದೆ. ಜೀಪು ಒಂದು ಕಡೆಗೂ ಜಾರದೆ, ಭಾರ ಎಳೆದು ಪಳಗಿದ ಎತ್ತಿನಂತೆ ಸಾವಕಾಶವಾಗಿ ಮೇಲೆ ಹತ್ತಿತು. ತಾಂಡಾದ ಮಕ್ಕಳು ಕೂಗುತ್ತ ಹಿಂದೆ ಓಡಿಬಂದವು. ಗಂಟೆ ಬಾರಿಸುವ ಮೊದಲೇ ನಾನು ಶಾಲೆಯಲ್ಲಿದ್ದೆ. ಅಂದು ರಾತ್ರಿ ಪಾಳಿಯಿಂದ ಬಂದು ಊಟಕ್ಕೆ ಕುಳಿತಾಗ ಅವರು ನಗುತ್ತ ಕೇಳಿದರು:

"ನಾಳೆ ಎಷ್ಟೊತ್ತಿಗೆ ಹೊರಡಬೇಕು?"

"ಏಳಕ್ಕ," ಎಂದೆ. ಮದುವೆಯಾದ ಮೇಲೆ ಯಾರೂ ನನ್ನನ್ನು ಅಷ್ಟು ಚೆಂದದ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಏಳಕ್ಕೆ ರೊಟ್ಟಿ ಡಬ್ಬಿ ಹಿಡಿದು ಅಂಗಳಕ್ಕೆ ಬಂದೆ. ಜೀಪು ಇಟ್ಟಂಗಿಯ ಮೇಲೆ ಕುಳಿತಿತ್ತು. ನಾಲ್ಕು ಚಕ್ರಗಳೂ ತುಳಸಿಕಟ್ಟೆಗೆ ಒರಗಿ ನಿಂತಿದ್ದವು. ನಮ್ಮ ಮನೆಯವರು ಬನಿಯನ್ನಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಾನೆಟ್ಟಿನ ಮೇಲಿನ ನೀಲಿ ಬಣ್ಣ ಕೆರೆಯುತ್ತಿದ್ದರು. ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಹಸಿರು, ಹಸಿರಿನ ಮೇಲೆ ಬಿಳಿಯ ಒಂದು ಅಂಕಿಯ ತುದಿ ಕಂಡಿತ್ತಂತೆ. ಇದು ಖರೇ ಲಡಾಯಿ ಕಂಡ ಗಾಡಿ, ಇದನ್ನು ಹೀಗೆ ಕಲ್ಲು ಸಿಮೆಂಟು ಮೆತ್ತಿಕೊಂಡು ಓಡಿಸುವುದು ಪಾಪ, ಎಂಟು ದಿನ ತಡಿ, ಮೊದಲು ಹೇಗಿತ್ತೋ ಹಾಗೆ ಮಾಡಿ ಓಡಿಸುತ್ತೇನೆ ಎಂದರು. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೋಗಿತ್ತು.

ಆ ಎಂಟು ದಿನ ಎರಡು ಮಳೆಗಾಲ ನುಂಗಿತು.

ಮೊದಲು ಫರಸಿ ಕಿತ್ತರು. ಅದಕ್ಕೇ ಇಬ್ಬರು ಆಳು ಬೇಕಾಯಿತು. ಕಿತ್ತ ಕಲ್ಲುಗಳನ್ನು ಹಿತ್ತಲಲ್ಲಿ ಹಾಸಿ ನನಗೆ ಬಟ್ಟೆ ಒಗೆಯಲು ಜಾಗ ಮಾಡಿಕೊಟ್ಟು, ನೋಡು ನಿನಗೂ ಉಪಯೋಗ ಆಯಿತು ಎಂದು ಹೆಮ್ಮೆಪಟ್ಟರು. ಶಾಲೆಗೆ ಒಯ್ಯಬೇಕಾದ ಜೀಪಿನಿಂದ ನನಗೆ ದಕ್ಕಿದ್ದು ಒಗೆಯುವ ಕಲ್ಲು! ಆಮೇಲೆ ಓಡುತ್ತಿದ್ದ ಡೀಸೆಲ್ ಎಂಜಿನ್ನನ್ನು ತೆಗೆದರು. ಮಿಲಿಟರಿಯವರು ಹಾಕಿದ್ದು ಪೆಟ್ರೋಲ್ ಎಂಜಿನ್ನಂತೆ, ಅದೇ ಬೇಕಂತೆ. ವಾಡಿಯಲ್ಲಿ ಒಬ್ಬ ಉಸ್ತಾದರಿದ್ದರು, ರೈಲು ಗೇಟಿನ ಬಳಿ ಗ್ಯಾರೇಜು. ಅವರು ಡೀಸೆಲ್ ಎಂಜಿನ್ನು ಇಟ್ಟುಕೊಂಡು ಎಲ್ಲಿಂದಲೋ ಒಂದು ಹಳೇ ಪೆಟ್ರೋಲ್ ಎಂಜಿನ್ನು ಹುಟ್ಟಿಸಿದರು. ಅದನ್ನು ಬಿಚ್ಚಿ ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟರು. ಆಮೇಲೆ ಅದ್ದಿದ್ದನ್ನು ಮರೆತರು. ನಮ್ಮ ಮನೆಯವರು ವಾರದ ರಜೆ ಬಂತೆಂದರೆ ವಾಡಿಗೆ ಓಡುವರು, ಸಂಜೆ ಕಪ್ಪು ಕೈಯಲ್ಲಿ ಬರಿಗೈಯಾಗಿ ಬರುವರು. ಸಹಿಸಲಾರದೆ ಒಮ್ಮೆ ನಾನೇ ಜೊತೆಗೆ ಹೋದೆ. ಉಸ್ತಾದರು ಸ್ಟೂಲು ಒರೆಸಿ ಕೂರಿಸಿದರು.

"ಫಿಕರ್ ಮಾಡಬ್ಯಾಡ್ರಿ ಬಾಯಿ. ಈ ಜುಮ್ಮಾ ಆಗ್ಲಿ, ಗಾಡಿ ತಯಾರ್," ಎಂದರು.

ಯಾವ ಜುಮ್ಮಾ ಎಂದು ನಾನು ಕೇಳಬೇಕಿತ್ತು. ಆ ಮನುಷ್ಯ ಕೆಟ್ಟವರಲ್ಲ, ಚಹಾ ಕುಡಿಸದೆ ಕಳಿಸಿದವರಲ್ಲ. ಆದರೆ ರಂಜಾನ್ ಬಂತು, ಬಕ್ರೀದ್ ಬಂತು, ನಮ್ಮ ದಸರೆ ದೀಪಾವಳಿಯೂ ಬಂದುಹೋದವು, ಆ ಶುಕ್ರವಾರ ಮಾತ್ರ ಬರಲಿಲ್ಲ.

ಅಂಗಳದ ಕಥೆ ಕೇಳಬೇಡಿ. ನಟ್ಟು ಬೋಲ್ಟು ಅತ್ತೆಯ ಒಣಮೆಣಸಿನಕಾಯಿ ಮೊರಗಳಲ್ಲಿ, ಗ್ರೀಸು ನನ್ನ ತುಪ್ಪದ ಡಬ್ಬಿಯಲ್ಲಿ, ಹಸಿರು ಬಣ್ಣ ಕೂಸಿನ ಲಂಗದ ಮೇಲೆ. ಅತ್ತೆಗೆ ಮಡಿಯಲ್ಲಿ ತುಳಸಿಗೆ ಸುತ್ತು ಬರಲು ಜಾಗವಿಲ್ಲ. ಜೀಪಿನ ಅಸ್ಥಿಪಂಜರ ಮುಟ್ಟಿದರೆ ಮೈಲಿಗೆಯೋ ಅಲ್ಲವೋ ಎಂದು ಅವರಿಗೇ ನಿರ್ಣಯವಾಗದೆ, ಸೆರಗು ಬಿಗಿಹಿಡಿದು ಅಡ್ಡಡ್ಡ ನಡೆಯುತ್ತಿದ್ದರು. ಅದಕ್ಕೆ ಕಬ್ಬಿಣದ ಕೋಣ ಎಂದು ಹೆಸರಿಟ್ಟವರೂ ಅವರೇ. ಕೋಣನಾದರೂ ಮುಂದೊಂದು ದಿನ ಗಾಡಿ ಎಳೆದೀತು, ಇದು ಏನೂ ಮಾಡುವುದಿಲ್ಲ ಎಂದು ನಾನು ಅನ್ನುತ್ತಿದ್ದೆ. ಊಟಕ್ಕಿಲ್ಲದ ಉಪ್ಪಿನಕಾಯಿ.

ಮೇಲಿನ ಹೊದಿಕೆಯನ್ನು ಚಿತ್ತಾಪುರದಲ್ಲಿ ಹೊಲಿಸಿದರು. ಅಲ್ಲಿಯ ದರ್ಜಿ ಮದುವೆಯ ಶಾಮಿಯಾನ ಹೊಲಿಯುವುದರಲ್ಲಿ ಎತ್ತಿದ ಕೈ. ದಪ್ಪ ಹಸಿರು ಕ್ಯಾನ್ವಾಸಿನಿಂದ ಗಟ್ಟಿಮುಟ್ಟಾಗಿ ಹೊಲಿದು, ಕೈ ರೂಢಿಯಂತೆ ಸುತ್ತಲೂ ಕೆಂಪು ಝಾಲರು ಹಚ್ಚಿ ಕಳಿಸಿದ್ದ. ಲಡಾಯಿ ಜೀಪು ಮದುಮಗನ ಮೆರವಣಿಗೆಗೆ ಹೊರಟಂತೆ ಕಂಡಿತು. ನಮ್ಮ ಮನೆಯವರು ಎರಡು ಹೊತ್ತು ಊಟ ಬಿಟ್ಟರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದು ನಾನು ಬಿದ್ದು ಬಿದ್ದು ನಕ್ಕೆ. ಅಷ್ಟು ದಿನಗಳಲ್ಲಿ ಆ ಜೀಪು ನನ್ನನ್ನು ನಗಿಸಿದ್ದು ಅದೊಂದೇ ಸಲ. ಆಮೇಲೆ ಆ ಝಾಲರು ಬಿಚ್ಚಿದವಳೂ ನಾನೇ.

ಒಂದು ಮಾತು ಹೇಳಿಬಿಡಬೇಕು. ಒಂದು ಭಾನುವಾರ ಮಧ್ಯಾಹ್ನ ಕೂಸು ಮಲಗಿತ್ತು. ಬಾನೆಟ್ಟು ಅಂಗಳದಲ್ಲಿ ಬಿದ್ದಿತ್ತು. ಅವರು ನನ್ನ ಕೈಗೊಂದು ಬ್ಲೇಡು ಕೊಟ್ಟರು, ನಾನೂ ಕೆರೆಯುತ್ತ ಕುಳಿತೆ. ನೀಲಿ ಪದರು ಎದ್ದುಬಂತು, ಹಳದಿ ಎದ್ದಿತು, ಕೆಳಗೆ ಬಿಳಿ ನಕ್ಷತ್ರದ ಒಂದು ಮೂಲೆ ಹೊಳೆಯಿತು. ಅದನ್ನು ಮೊದಲು ಕಂಡವಳು ನಾನು. ಎಲ್ಲಿಯ ಲಡಾಯಿ, ಯಾವ ದೇಶದ ಸಿಪಾಯಿ, ಈಗ ಸೇಡಂನ ನಮ್ಮ ಅಂಗಳದಲ್ಲಿ ಅವನ ಜೀಪಿನ ನಕ್ಷತ್ರ. ಮೈ ಜುಂ ಎಂದಿತು. ಹೊತ್ತು ಮುಳುಗುವವರೆಗೂ ಇಬ್ಬರೂ ಕೆರೆದೆವು, ಅತ್ತೆ ದೀಪ ಹಚ್ಚಲು ಕೂಗಿದರೂ ಏಳಲಿಲ್ಲ. ಅವರ ಹುಚ್ಚು ಎಂಥದ್ದೆಂದು ನನಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದರಿಂದಲೇ ಸಿಟ್ಟು ಹೆಚ್ಚು.

ಇದರ ನಡುವೆ ಮೊದಲ ಮಳೆಗಾಲದ ಆಗಸ್ಟ್ ಹದಿನೈದು ಬಂತು. ಆ ದಿನ ಬೆಳಗ್ಗೆ ಎಂಟಕ್ಕೆ ಪ್ರತಿ ಶಾಲೆಯಲ್ಲಿ ಧ್ವಜ ಏರಬೇಕು. ನನ್ನ ಶಾಲೆಯ ಧ್ವಜ ನನ್ನ ಹತ್ತಿರವೇ ಇರುತ್ತಿತ್ತು. ಕೋಣೆ ಸೋರುತ್ತಿದ್ದರಿಂದ ಒಗೆದು ಇಸ್ತ್ರಿ ಮಾಡಿ ಮನೆಯಲ್ಲೇ ಇಟ್ಟಿರುತ್ತಿದ್ದೆ. ಮೊದಲ ಬಸ್ಸಿಗೇ ಹೊರಟೆ. ಹಳ್ಳದ ಈಚೆ ಇಳಿಸಿದರು. ಏರಿನಲ್ಲಿ ಎರಡು ಸಲ ಬಿದ್ದೆ. ಮೇಲೆ ಮುಟ್ಟಿದಾಗ ಹತ್ತು ಹೊಡೆದಿತ್ತು. ಮಕ್ಕಳು ಕಾದು ಕಾದು ಕಂಬಕ್ಕೆ ಯಾರದೋ ಕೆಂಪು ರುಮಾಲು ಕಟ್ಟಿ ಜನಗಣಮನ ಹಾಡಿ ಮನೆಗೆ ಹೋಗಿದ್ದವು. ಮೇಲಿನವರಿಗೆ ಸುದ್ದಿ ಮುಟ್ಟಿತು. ನೋಟಿಸು ಬಂತು. ನನ್ನದಿನ್ನೂ ಕಾಯಂ ಆಗದ ನೌಕರಿ. ಮತ್ತೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯುವುದೇ ಎಂದು ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿದರು. ಅತ್ತೆ, ದೇವರೇ ದಾರಿ ತೋರಿಸಿದ ಎಂದರು. ನಮ್ಮ ಮನೆಯವರ ಮುಖ ಸಣ್ಣದಾಯಿತು. ಮುಂದಿನ ಮಳೆಗಾಲಕ್ಕೆ ಜೀಪು ಖರೇ ತಯಾರಾಗುತ್ತದೆ ಎಂದು ಕೂಸಿನ ತಲೆ ಮುಟ್ಟಿ ಹೇಳಿದರು.

ಜೀಪು ತಯಾರಾಯಿತು, ಇಲ್ಲವೆನ್ನಲಾರೆ. ಮರುವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಅದು ನಮ್ಮ ಅಂಗಳದಲ್ಲಿ ನಿಂತಿದ್ದ ಚೆಂದ ಏನು ಹೇಳಲಿ! ಮಾಸಲು ಹಸಿರು ಮೈ, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ, ಹಳೇ ನಂಬರು, ಪಕ್ಕಕ್ಕೆ ಕಟ್ಟಿದ ಸಲಿಕೆ, ಹೊಸ ತಗಡಿನ ತಳ. ಓಣಿಯ ಜನ ನೋಡಲು ಬಂದರು. ಕೋಣ ಎಂದಿದ್ದ ಅತ್ತೆಯೇ ಅರಿಶಿನ ಕುಂಕುಮ ಹಚ್ಚಿದರು. ನನಗೂ ಖುಷಿಯಾಯಿತು. ಮೊದಲ ಮಳೆ ಬಿದ್ದ ದಿನ, ನಡೀರಿ ಎಂದು ಹೋಗಿ ಒಳಗೆ ಕುಳಿತೆ. ಅವರು ಆಕಾಶ ನೋಡಿದರು, ರಸ್ತೆ ನೋಡಿದರು, ಮನಸ್ಸಿಲ್ಲದ ಮನಸ್ಸಿನಿಂದ ಹೊರಟರು.

ಅದೇ ಏರು. ಅರ್ಧಕ್ಕೆ ಬಂದೆವೋ ಇಲ್ಲವೋ ಜೀಪಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಹೊರಳಿತು. ಚಕ್ರ ತಿರುಗಿದ್ದಲ್ಲೇ ತಿರುಗಿದವು. ಮೆಲ್ಲಗೆ ಹಿಂದಕ್ಕೆ ಜಾರಿ ಬದುವಿಗೆ ತಾಗಿ ನಿಂತೆವು. ನನ್ನ ಮೊಣಕೈ ತರಚಿತ್ತು. ಅವರು ಇಳಿದು ಮೊದಲು ನೋಡಿದ್ದು ಬಣ್ಣವನ್ನು! ಅಂಗಿಯ ತುದಿಯಿಂದ ಕೆಸರು ಒರೆಸುತ್ತ, ಇದು ಗಾಡಿ ಹೋಗುವ ದಾರಿಯಲ್ಲ ಎಂದರು. ಹಿಂದೆ ಇದೇ ಗಾಡಿ ಇದೇ ದಾರಿ ಹತ್ತಿತ್ತಲ್ಲ ಎಂದೆ. ಅವತ್ತಿನ ಕೆಸರು ಬೇರೆ ಎಂದರು. ಕೆಸರು ಅದೇ, ಅವತ್ತು ತಳದಲ್ಲಿ ಕಲ್ಲಿದ್ದವು, ಭಾರಕ್ಕೆ ಚಕ್ರ ನೆಲ ಕಚ್ಚಿದ್ದವು, ಈಗ ಖಾಲಿ ಡಬ್ಬಿಯಾಗಿದೆ ಎಂದೆ. ಖಾಲಿ ಬಂಡಿ ಎರೆಯಲ್ಲಿ ಜಾರುತ್ತದೆ, ಜೋಳದ ಚೀಲ ಹೇರಿದ ಬಂಡಿ ಜಾರುವುದಿಲ್ಲ, ಇದನ್ನು ತಿಳಿಯಲು ಎಂಜಿನ್ನಿನ ವಿದ್ಯೆ ಬೇಕಿಲ್ಲ. ಮಿಲಿಟರಿಯವರು ಫರಸಿ ಹಾಕಿಕೊಂಡು ಲಡಾಯಿಗೆ ಹೋಗಿದ್ದರೇನು ಎಂದು ಅವರು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಉಳಿದ ದಾರಿ ನಡೆದೇ ಹೋದೆ, ಅವರು ಜೀಪು ತೊಳೆಯಲು ಮನೆಗೆ ಹೋದರು.

ಆಮೇಲೆ ಜೀಪು ಒಣ ರಸ್ತೆಯಲ್ಲಿ ಮಾತ್ರ ಹೊರಡತೊಡಗಿತು. ಮೋಡ ಕಂಡರೆ ಹೊದಿಕೆ. ತಂಪು ಹಿಡಿದರೆ ಆ ಪೆಟ್ರೋಲ್ ಎಂಜಿನ್ನಿಗೆ ಮೂಗು ಕಟ್ಟುತ್ತಿತ್ತು, ಹ್ಯಾಂಡಲ್ ತಿರುವಿ ತಿರುವಿ ಅವರ ರಟ್ಟೆ ಬಿದ್ದುಹೋಗುತ್ತಿತ್ತು. ನಾನು ಯಥಾಪ್ರಕಾರ ಬಸ್ಸಿಗೆ. ಬಸ್ ಸ್ಟ್ಯಾಂಡಿನಲ್ಲಿ ಜನ, ಬಾಯಿಯವರೇ ಮನೆಯಲ್ಲಿ ಮಿಲಿಟರಿ ಗಾಡಿ ಇಟ್ಟುಕೊಂಡು ಇಲ್ಲಿ ನಿಂತಿರುವಿರಲ್ಲ ಎಂದು ಚಾಷ್ಟಿ ಮಾಡುವರು.

ಆಗಸ್ಟ್ ತಿಂಗಳು ಬಂತು. ಮಳೆ ಬಿಡುವಿಲ್ಲದೆ ಹಿಡಿದಿತ್ತು. ನಾನು ನಮ್ಮ ಮನೆಯವರಿಗೆ ದಿನಾ ನೆನಪಿಸುತ್ತಿದ್ದೆ, ಹದಿನೈದಕ್ಕೆ ಎಂಟರೊಳಗೆ ಅಲ್ಲಿರಬೇಕು, ಇಲ್ಲದಿದ್ದರೆ ನೌಕರಿ ಹೋಯಿತು ಎಂದು. ಹೂಂ ಎನ್ನುತ್ತಿದ್ದರು. ಹದಿಮೂರನೇ ತಾರೀಖು ಒಂದು ಸುದ್ದಿ ತಂದರು. ಮುಖದ ತುಂಬ ಬೆಳಕು. ಸೇಡಂನ ಮೈದಾನದಲ್ಲಿ ಸ್ವಾತಂತ್ರ್ಯ ದಿನದ ಪರೇಡು ನೋಡುವ ಮುಖ್ಯ ಅತಿಥಿಗಳಿಗೆ ತೆರೆದ ಜೀಪು ಬೇಕಂತೆ, ಇಡೀ ತಾಲೂಕಿನಲ್ಲಿ ಇಂಥದ್ದು ಇರುವುದು ಒಂದೇ ಅಂತೆ, ತಹಸೀಲ್ ಕಚೇರಿಯವರೇ ಬಂದು ಕೇಳಿದರಂತೆ, ಇವರು ಒಪ್ಪಿಕೊಂಡರಂತೆ.

ನನ್ನ ಶಾಲೆ ಎಂದೆ. ಒಂದು ದಿನದ ಮಾತು, ಬಸ್ಸಿಗೆ ಹೋಗು, ಸ್ವಲ್ಪ ಲಗು ಹೊರಡು ಎಂದರು. ಹೋದ ವರ್ಷ ಲಗು ಹೊರಟದ್ದು ಏನಾಯಿತು ಎಂದೆ. ಅವರು ಮೆಲ್ಲಗೆ, ಎರಡು ವರ್ಷದಿಂದ ಜನ ನಗುತ್ತಿದ್ದಾರೆ, ಒಂದು ದಿನ ನಾಲ್ಕು ಮಂದಿಯ ಮುಂದೆ ಇದು ಹೋಗಲಿ ಎಂದರು. ಅವರ ದನಿ ಕೇಳಿ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಯಾರಿಗಾಗಿ ತಂದ ಜೀಪು ಇದು?

ಹದಿನಾಲ್ಕರ ಮಧ್ಯಾಹ್ನ ಅವರು ಪಾಳಿಗೆ ಹೋದರು. ನಾನು ಶಾಲೆಯಿಂದ ಬಂದವಳೇ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಎದುರು ನಿಂತೆ. ಜೀಪಿನ ತಳಕ್ಕೇ ಅಳತೆ ಮಾಡಿ ಕಡಿದ ಕಲ್ಲುಗಳು, ಮತ್ತೆಲ್ಲೂ ಅಷ್ಟು ಸರಿಯಾಗಿ ಕೂಡಲಾರವು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಇಬ್ಬರು ಫರಸಿ ಕೆಲಸದವರನ್ನು ಕರೆದೆ. ಅವರು ಕಲ್ಲಿಗೆ ಹಾರೆ ಹಾಕಿದ ಸದ್ದಿಗೆ ಅತ್ತೆ ಹೊರಗೆ ಬಂದರು. ಇನ್ನು ಶುರುವಾಯಿತು ಎಂದುಕೊಂಡೆ. ಅವರು ಕಲ್ಲು ನೋಡಿದರು, ಜೀಪು ನೋಡಿದರು, ನನ್ನ ಮುಖ ನೋಡಿದರು.

"ಜೀಪು ತರೂ ಮುಂದ ಅವ ನಿನಗ ಮಾತು ಕೊಟ್ಟಿದ್ದ, ನಾ ಕೇಳೀನಿ," ಎಂದರು. "ನೌಕರಿ ಬಿಡು ಅಂತ ನಾ ಅಂದೀನಿ, ಈಗೂ ಅಂತೀನಿ. ಆದರ ಕೊಟ್ಟ ಮಾತು ಕೊಟ್ಟ ಮಾತೇ."

ಇಷ್ಟು ಹೇಳಿ, ತುಳಸಿಕಟ್ಟೆಗೆ ತಾಗಿಸಬೇಡಿ ಎಂದು ಕೆಲಸದವರಿಗೆ ತಾಕೀತು ಮಾಡಿ ಒಳಗೆ ಹೋದರು. ಕಲ್ಲು ಏರಿಸುವಾಗ ಜೀಪಿನ ಹಿಂಬದಿಯ ಅಂಚಿನಲ್ಲಿ ಗೇಣುದ್ದ ಬಣ್ಣ ಕಿತ್ತುಬಂತು. ಕರ್ ಎಂದು ಆ ಸದ್ದು ನನ್ನ ಹಲ್ಲಿಗೇ ತಾಗಿತು. ನಿಲ್ಲಿಸಿ ಎನ್ನಲಿಲ್ಲ. ರಾತ್ರಿ ಅವರು ಮಳೆಯಲ್ಲಿ ನೆನೆದು ಕತ್ತಲಲ್ಲಿ ಬಂದರು, ಜೀಪಿನ ಕಡೆ ನೋಡದೆ ಒಳಗೆ ಹೋದರು.

ಹದಿನೈದರ ಬೆಳಗಿನ ಜಾವ ಸ್ನಾನ ಮುಗಿಸಿ, ಧ್ವಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೋಗಿ ಜೀಪಿನಲ್ಲಿ ಕುಳಿತು ತೊಡೆಯ ಮೇಲಿಟ್ಟುಕೊಂಡೆ. ಹನಿ ಉದುರುತ್ತಿತ್ತು. ಅವರು ಇಸ್ತ್ರಿಯ ಖಾಕಿ ಪ್ಯಾಂಟು, ಬಿಳಿ ಅಂಗಿ ತೊಟ್ಟು ಹೊರಗೆ ಬಂದರು. ನನ್ನನ್ನು ನೋಡಿದರು, ಕಲ್ಲು ನೋಡಿದರು, ಬಣ್ಣ ಕಿತ್ತ ಜಾಗ ನೋಡಿದರು. ಅಲ್ಲೇ ಬೆರಳಿಟ್ಟು ನಿಂತರು.

"ಏನು ಮಾಡಿದಿ ಇದು?"

"ನನ್ನ ಒಗಿಯೂ ಕಲ್ಲು ಇಟ್ಟೀನಿ," ಎಂದೆ. "ನಿಮಗ ಪರೇಡ್ ಬೇಕಾದ್ರ ನಿಮ್ಮ ಕೈಯಿಂದ ಈ ಕಲ್ಲು ಇಳಸ್ರಿ. ಇಳಿಸಿದ್ರ ನಾ ಒಂದು ಮಾತೂ ಆಡಂಗಿಲ್ಲ. ಇವತ್ತಿಗೇ ನೌಕರಿ ಬಿಟ್ಟು ಇದರ ಮ್ಯಾಲೆ ಬಟ್ಟಿ ಒಗಕೋತ ಇರ್ತೀನಿ."

ಅವರು ಕಲ್ಲಿನ ಅಂಚಿಗೆ ಕೈ ಹಾಕಿದರು. ನಿಜವಾಗಿ ಹಾಕಿದರು, ನಾನು ನೋಡಿದೆ. ಆಮೇಲೆ ಕೈ ತೆಗೆದು ಒಳಗೆ ಹೋದರು. ಎಲ್ಲ ಮುಗಿಯಿತು, ಯಾರನ್ನೋ ಕರೆಯಲು ಹೋದರು ಎಂದುಕೊಂಡೆ. ಹೊರಗೆ ಬಂದಾಗ ಅವರ ಮೈಮೇಲೆ ಹಳೇ ಎಣ್ಣೆ ಕಲೆಯ ಅಂಗಿ ಇತ್ತು, ಕೈಯಲ್ಲಿ ಹ್ಯಾಂಡಲ್ ಇತ್ತು. ಒಬ್ಬರ ಕೈಯಲ್ಲಿ ಇಳಿಯುವ ಕಲ್ಲಲ್ಲ ಎಂದು ಬಂದರೋ, ನನ್ನ ಮಾತಿಗೆ ಬಂದರೋ, ನಾನು ಇವತ್ತಿಗೂ ಕೇಳಿಲ್ಲ.

ತಿರುವಿದರು, ಹತ್ತಲಿಲ್ಲ. ತಿರುವಿದರು, ಕೆಮ್ಮಿ ಸುಮ್ಮನಾಯಿತು. ಸುಟ್ಟ ಎಂಜಿನ್ನೇ, ಇವತ್ತಾದರೂ ಮಾನ ಕಾಯಿ ಎಂದು ನಾನು ಬೈದೆ. ಕೊನೆಗೆ ಹತ್ತಿತು. ಚಿಂಚೋಳಿ ಹಿಂದೆ ಬಿತ್ತು. ಹಳ್ಳದಲ್ಲಿ ನೀರು ರಾಡಿಯಾಗಿ ಹರಿಯುತ್ತಿತ್ತು, ದಾಟಿದೆವು. ಏರು ಬಂತು. ಅವರು ನಿಲ್ಲಿಸಲಿಲ್ಲ, ಹಿಂದಿನ ಸಲದಂತೆಯೇ ಕಾಲ ಬಳಿಯ ಸಣ್ಣ ಲಿವರು ಎಳೆದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಟ್ಟು ಮೆಲ್ಲಗೆ ಹತ್ತಿಸಿದರು. ಹಿಂದಿನ ಸಲ ಹೊರಳಿದ ಜಾಗದಲ್ಲಿ ಜೀಪು ಒಮ್ಮೆ ನಡುಗಿತು. ಕೆಸರು ಹಾರಿ ನಕ್ಷತ್ರದ ಮೇಲೆ, ಗಾಜಿನ ಮೇಲೆ, ನಮ್ಮಿಬ್ಬರ ಮುಖದ ಮೇಲೆ ಬಿತ್ತು. ಬೆನ್ನ ಹಿಂದೆ ಕಲ್ಲು ಗುಡುಗಿತು. ಹಿಂಭಾಗ ಜಾರಲಿಲ್ಲ. ಚಕ್ರ ನೆಲ ಕಚ್ಚಿದ್ದು ನನ್ನ ಮೈಗೇ ತಿಳಿಯಿತು. ಮೇಲೆ ಹತ್ತಿದೆವು.

ಎಂಟಕ್ಕೆ ಧ್ವಜ ಏರಿತು. ಮಕ್ಕಳು ಒದ್ದೆ ಅಂಗಿಗಳಲ್ಲಿ ಸಾಲಾಗಿ ನಿಂತು ಹಾಡಿದವು. ಅವರು ಎಲ್ಲಕ್ಕಿಂತ ಹಿಂದೆ, ಕೆಸರು ಮೆತ್ತಿದ ಮೈಯಲ್ಲಿ ನೆಟ್ಟಗೆ ನಿಂತಿದ್ದರು. ಸಕ್ಕರೆ ಹಂಚಿದ ಮೇಲೆ ಮಕ್ಕಳು ಜೀಪಿಗೆ ಮುತ್ತಿದವು. ಬಾನೆಟ್ಟಿನ ಮೇಲೆ ಹತ್ತಿದ ಒಬ್ಬನನ್ನೂ ಅವರು ಇಳಿಸಲಿಲ್ಲ.

ಸೇಡಂನಲ್ಲಿ ಮುಖ್ಯ ಅತಿಥಿಗಳು ಕಾಲ್ನಡಿಗೆಯಲ್ಲೇ ಪರೇಡು ನೋಡಿದರಂತೆ. ನಮ್ಮ ಮನೆಯವರು ಆಮೇಲೆ ಬಹಳ ದಿನ ಬೈಸಿಕೊಂಡರು. ಆದರೆ ಅದು ನಂತರದ ಮಾತು. ಅಂದು ಗುಡ್ಡ ಇಳಿದು ಹಳ್ಳದ ಬಳಿ ಜೀಪು ನಿಲ್ಲಿಸಿ, ಬಟ್ಟೆಯ ತುಂಡು ಒದ್ದೆ ಮಾಡಿಕೊಂಡು ಬಂದು ನಕ್ಷತ್ರದ ಎದುರು ನಿಂತರು. ಒರೆಸುತ್ತಾರೆ ಎಂದುಕೊಂಡೆ. ಅದೇ ಬಟ್ಟೆಯಿಂದ ತಮ್ಮ ಮುಖ ಒರೆಸಿಕೊಂಡು, ನನ್ನ ಕೈಗೆ ಕೊಟ್ಟು, ಬಂದು ಕುಳಿತರು. ಎದುರಿನ ರಸ್ತೆ ನೋಡುತ್ತ ಕೇಳಿದರು:

"ನಾಳೆ ಎಷ್ಟೊತ್ತಿಗೆ ಹೊರಡಬೇಕು?"

ನನಗೆ ಅಳು ಬಂತು. ಸಿಟ್ಟಿನ ಅಳುವೇ, ಬೇರೆ ಏನೂ ಅಲ್ಲ. ಇಷ್ಟು ಕೇಳಲು ಎರಡು ಮಳೆಗಾಲ ಬೇಕಾಯಿತೇನ್ರಿ ಎಂದು ರಾಗ ತೆಗೆದು ಬೈಯಬೇಕೆಂದಿದ್ದೆ. ಬಾಯಿಂದ ಬಂದದ್ದು ಒಂದೇ ಮಾತು.

"ಏಳಕ್ಕ."

ಮರುದಿನ ಏಳಕ್ಕೆ ರೊಟ್ಟಿ ಡಬ್ಬಿ ಹಿಡಿದು ಅಂಗಳಕ್ಕೆ ಬಂದು ಮೊದಲು ಚಕ್ರ ನೋಡಿದೆ. ನಾಲ್ಕೂ ಜಾಗದಲ್ಲೇ ಇದ್ದವು.